‘ಬಳ್ಳಾರಿಗೆ ಹೋಗಿ ತೋರಿಸಿ’ ಅಂದರು, ಮಗುವಿಗೆ ಏನಾಗಿದೆ?

ಪ್ರಶ್ನೆ: ನಮ್ಮದು ಸಿರುಗುಪ್ಪ ಹತ್ತಿರದ ಹಳ್ಳಿ. ಮಗನಿಗೆ ಎರಡು ವರ್ಷ. ಐದಾರು ಮಾತು ಬಿಟ್ಟರೆ ಬೇರೆ ಬರುವುದಿಲ್ಲ. ಅಂಗನವಾಡಿಗೆ ಬಂದ ಡಾಕ್ಟರ್ ತಂಡದವರು ಏನೇನೋ ಕೇಳಿ, ಬಳ್ಳಾರಿಗೆ ಹೋಗಿ ಎಂದು ಚೀಟಿ ಬರೆದುಕೊಟ್ಟಿದ್ದಾರೆ. ‘ಅವರಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು, ಸುಮ್ನಿರು’ ಅಂತಾರೆ ಅತ್ತೆ. ಮನೆಯಲ್ಲಿ ತೆಲುಗು, ಹೊರಗೆ ಕನ್ನಡ. ಅದಕ್ಕೇ ಹೀಗಾಯ್ತಾ? ಹೋಗಲೇಬೇಕಾ?

ಉತ್ತರ: ಹೋಗಿ. ಹೆದರಿಕೊಂಡು ಮಾತ್ರ ಹೋಗಬೇಡಿ. ಚೀಟಿ ಕೊಟ್ಟರು ಅಂದರೆ ಕಾಯಿಲೆ ಇದೆ ಅಂತಲ್ಲ. ಇನ್ನೊಮ್ಮೆ ಕೂತು ನಿಧಾನವಾಗಿ ನೋಡಬೇಕು ಅಂತ, ಅಷ್ಟೇ.

ಅಂಗನವಾಡಿಗೆ ಬರುವ ಈ ತಂಡ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ್ದು. 2013ರಲ್ಲಿ ಶುರುವಾಯಿತು. ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು ಎಂಬುದು ಅದರ ನಿಯಮ. ತೂಕ, ಹಲ್ಲು, ಕಣ್ಣಿನ ಜೊತೆಗೆ ಬೆಳವಣಿಗೆಯನ್ನೂ ನೋಡುತ್ತಾರೆ. ಅನುಮಾನ ಬಂದ ಮಕ್ಕಳನ್ನು ಡಿಇಐಸಿ ಎಂಬ ಜಿಲ್ಲಾ ಮಟ್ಟದ ಕೇಂದ್ರಕ್ಕೆ ಕಳಿಸುತ್ತಾರೆ. ದುಡ್ಡು ಕೊಡಬೇಕಿಲ್ಲ.

ಎರಡು ವರ್ಷಕ್ಕೆ ಮಗು ಎರಡು ಪದ ಸೇರಿಸಿ ‘ಅಮ್ಮ ಬಾ’, ‘ಹಾಲು ಬೇಕು’ ಅನ್ನುವಂತಿರಬೇಕು. ಅದಕ್ಕೇ ಚೀಟಿ ಬಂದಿದೆ. ಆದರೆ ನನ್ನನ್ನು ಕೇಳಿದರೆ, ಮಾತಿಗಿಂತ ಮೊದಲು ನೋಡಬೇಕಾದ್ದು ಬೆರಳು. ಮಿರ್ಚಿ ಬೇಕು ಅಂತ ಅಂಗಡಿ ಕಡೆ ಬೆರಳು ತೋರಿಸುವುದು ಒಂದು. ಗದ್ದೆಯಲ್ಲಿ ಬೆಳ್ಳಕ್ಕಿ ಕಂಡು, ಅತ್ತ ಬೆರಳು ಮಾಡಿ, ನೀವೂ ನೋಡಿದಿರಾ ಅಂತ ನಿಮ್ಮ ಮುಖದ ಕಡೆ ತಿರುಗುವುದು ಇನ್ನೊಂದು. ಎರಡನೆಯದರಲ್ಲಿ ಅವನಿಗೆ ಏನೂ ಬೇಕಿಲ್ಲ, ನಿಮ್ಮ ಜೊತೆ ಖುಷಿ ಹಂಚಿಕೊಳ್ಳಬೇಕು, ಅಷ್ಟೇ. ಹೆಸರು ಕೂಗಿದರೆ ತಿರುಗುತ್ತಾನಾ? ನೀವು ದೂರದ ಟ್ರ್ಯಾಕ್ಟರ್ ತೋರಿಸಿದರೆ ಅತ್ತ ನೋಡುತ್ತಾನಾ? ಆಟದಲ್ಲಿ ಅಡುಗೆ ಮಾಡಿ ನಿಮಗೆ ಉಣ್ಣಿಸುತ್ತಾನಾ? ತಂಡದವರು ಕೇಳಿದ್ದು ಹೆಚ್ಚುಕಡಿಮೆ ಇಂಥವೇ ಇರಬೇಕು. ಬೇರೆಯವರ ಜೊತೆ ಬೆರೆಯುವುದು, ಮಾತು ಬೇರೆ ರೀತಿ ಬೆಳೆಯುವ ಆಟಿಸಂ ಎಂಬ ಸ್ಥಿತಿಯ ಅನುಮಾನ ಇದೆಯಾ ಅಂತ ನೋಡಲು ಎಂ-ಚಾಟ್ ಎಂಬ 20 ಪ್ರಶ್ನೆಗಳ ಪಟ್ಟಿಯೊಂದಿದೆ, 16ರಿಂದ 30 ತಿಂಗಳ ಮಕ್ಕಳಿಗೆ. ಅದರ ತುಂಬ ಇವೇ. ಅದರಲ್ಲಿ ಅಂಕ ಜಾಸ್ತಿ ಬಂದರೆ ಅನುಮಾನ ಜಾಸ್ತಿ, ಆದರೆ ಅಂಥ ಎಲ್ಲ ಮಕ್ಕಳಿಗೂ ಆಟಿಸಂ ಇದ್ದೇ ಇರುತ್ತದೆ ಅಂತಲ್ಲ. ಬಂದ ಮಾತು ಹೋಗಿಬಿಟ್ಟರೆ ಮಾತ್ರ ಒಂದು ದಿನವೂ ಕಾಯಬೇಡಿ.

ಎರಡು ಭಾಷೆಯದು ತಪ್ಪಿಲ್ಲ. ನಮ್ಮ ಕಡೆ ಅರ್ಧ ಊರು ಹಾಗೆಯೇ ಬೆಳೆದಿದೆ, ಅಲ್ವಾ? ತೆಲುಗಿನಲ್ಲಿ ‘ಕುಕ್ಕ’ (ನಾಯಿ), ಕನ್ನಡದಲ್ಲಿ ‘ಹಾಲು’ ಅಂದರೆ ಎರಡು ಮಾತು ಅಂತಲೇ ಲೆಕ್ಕ. ಮನೆಯಲ್ಲಿ ತೆಲುಗು ನಿಲ್ಲಿಸಬೇಡಿ.

ಕಿವಿ ಪರೀಕ್ಷೆ ಮಾತ್ರ ಬಿಡಬೇಡಿ. ಬಾಗಿಲು ಬಡಿದರೆ ತಿರುಗುತ್ತಾನೆ, ಹಾಗಾಗಿ ಕೇಳಿಸುತ್ತದೆ ಅಂದುಕೊಳ್ಳುತ್ತೇವೆ. ಆದರೆ ಸದ್ದು ಕೇಳಿಸಿದ ಮಗುವಿಗೆ ಮೆಲ್ಲನೆ ಆಡಿದ ಮಾತು ಸ್ಪಷ್ಟವಾಗಿ ಕೇಳಿಸದೆಯೂ ಇರಬಹುದು. ಕಿವಿ ಸೋರುವ ಮಕ್ಕಳಲ್ಲಿ ಇದು ಜಾಸ್ತಿ. ಮಗು ಮಲಗಿದ್ದಾಗಲೇ ಮಾಡುವ ಪರೀಕ್ಷೆಯೂ ಇದೆ.

ಅತ್ತೆಯವರ ಮಾತು ಪೂರ್ತಿ ಸುಳ್ಳಲ್ಲ. ತಡವಾಗಿ ಮಾತು ಬಂದು ಸರಿಹೋದ ಮಕ್ಕಳು ಬೇಕಾದಷ್ಟಿದ್ದಾರೆ. ಕಷ್ಟವೇನೆಂದರೆ, ತಾನಾಗೇ ಸರಿಹೋಗುವ ಮಗು ಯಾವುದು, ಸಹಾಯ ಬೇಕಾದ ಮಗು ಯಾವುದು ಅಂತ ಎರಡು ವರ್ಷಕ್ಕೆ ಮನೆಯಲ್ಲಿ ಕೂತು ಹೇಳಲಾಗುವುದಿಲ್ಲ. ನಾಲಿಗೆಗೆ ಬಜೆ ತೇಯ್ದು ಹಚ್ಚುತ್ತಾ ಮೂರು ವರ್ಷದವರೆಗೆ ಕಾದರೆ ಕಳೆದುಹೋಗುವುದು ಮಾತು ಕಲಿಸಲು ಒಳ್ಳೆಯ ವಯಸ್ಸು. ಮೊಬೈಲ್ ಕೊಟ್ಟು ಊಟ ಮಾಡಿಸುವುದಿದ್ದರೆ ಅದನ್ನು ಇವತ್ತೇ ನಿಲ್ಲಿಸಿ, ಆ ಹೊತ್ತಿಗೆ ಮಾತಾಡಿಸಿ.

ಹೋಗುವಾಗ ತಾಯಿ ಕಾರ್ಡ್ ಮತ್ತು ಚೀಟಿ ಇರಲಿ. ಅವನು ಆಡುವ ಮಾತುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಮನೆಯಲ್ಲಿ ಆಡುವಾಗಿನ ವಿಡಿಯೋ ಫೋನಿನಲ್ಲಿರಲಿ, ಹೊಸ ಜಾಗದಲ್ಲಿ ಮಕ್ಕಳು ಸುಮ್ಮನಾಗಿಬಿಡುತ್ತಾರೆ. ಅತ್ತೆಯವರನ್ನೂ ಕರೆದುಕೊಂಡು ಹೋಗಿ. ನೀವು ಹೊಲಕ್ಕೆ ಹೋದಾಗ ಮಗುವನ್ನು ನೋಡಿಕೊಳ್ಳುವವರು ಅವರಾಗಿದ್ದರೆ, ಅರ್ಧ ಪ್ರಶ್ನೆಗಳಿಗೆ ಉತ್ತರ ಗೊತ್ತಿರುವುದು ಅವರಿಗೇ.