ಚಂದ್ರನಲ್ಲಿ ಹೊಯಿಗೆಯೂ ಹಗುರ

ರೋವರ್ (ಚಂದ್ರನ ನೆಲದಲ್ಲಿ ಓಡಾಡುವ ಯಂತ್ರಗಾಡಿ) ಮಾದರಿ ಕಟ್ಟುವ ಮಂಗಳೂರು, ಉಡುಪಿಯ ಮಕ್ಕಳು ಕ್ಯಾಮೆರಾ, ಸೆನ್ಸರ್, ಸೌರಫಲಕ ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ಚಕ್ರಗಳನ್ನು ಮಾತ್ರ ಆಟಿಕೆ ಅಂಗಡಿಯಿಂದ ತಂದು ಸಿಕ್ಕಿಸಿಬಿಡುತ್ತಾರೆ. ಇದು ತಲೆಕೆಳಗಾದ ಲೆಕ್ಕ. ಚಂದ್ರನ ಮೇಲೆ ರೋವರ್ ಓಡುತ್ತದೋ ಹೂತುಹೋಗುತ್ತದೋ ಎಂಬುದು ತೀರ್ಮಾನವಾಗುವುದು ಚಕ್ರದಡಿಯ ಹುಡಿಯಲ್ಲಿ.

‘ಅಲ್ಲಿ ಗುರುತ್ವ ಆರರಲ್ಲೊಂದು ಪಾಲು, ಆದ್ದರಿಂದ ರೋವರ್ ಸಲೀಸಾಗಿ ಓಡುತ್ತದೆ’ ಎಂಬ ಮಾತು ಇನ್ನೂ ನಿಂತಿಲ್ಲ. ಚಂದ್ರಯಾನ-3ರ ರೋವರ್, 26 ಕಿಲೋದ ಪ್ರಜ್ಞಾನ್ ಇಲ್ಲಿ ನೆಲಕ್ಕೆ ಊರುವ ಭಾರ ಸುಮಾರು 255 ನ್ಯೂಟನ್, ಅಲ್ಲಿ 42. ಆರು ಚಕ್ರಗಳಿಗೆ ಹಂಚಿದರೆ ತಲಾ 7. ಭಾರ ಇಳಿದಷ್ಟೇ ಹಿಡಿತವೂ ಇಳಿಯಿತು. ಏರಿನಲ್ಲಿ ಹಿಂದಕ್ಕೆಳೆಯುವ ಬಲವೂ ಮುಂದೆ ಒಯ್ಯುವ ಘರ್ಷಣೆಯೂ ಒಂದೇ ಪ್ರಮಾಣದಲ್ಲಿ ಕುಗ್ಗುವುದರಿಂದ ಇಲ್ಲಿಗಿಂತ ಹೆಚ್ಚು ಕಡಿದಾದ ಏರು ಹತ್ತಲು ಬರುವುದಿಲ್ಲ.

ಇನ್ನೊಂದು ಸಂಗತಿ ಬಹಳ ಜನರಿಗೆ ಹೊಳೆಯುವುದೇ ಇಲ್ಲ. ಅಲ್ಲಿ ಹೊಯಿಗೆಯ ಕಣಗಳೂ ಹಗುರ. ಒಣ ಹೊಯಿಗೆಯ ಗಟ್ಟಿತನವೆಲ್ಲ ಕಣದ ಮೇಲೆ ಕಣ ಕೂತು ಒತ್ತುವುದರಿಂದ ಬರುವಂಥದ್ದು. ಒತ್ತಡ ಕಡಿಮೆಯಾದರೆ ಕಣಗಳು ಸುಲಭವಾಗಿ ಜಾರಿ ಚಕ್ರದ ಹಿಂದಕ್ಕೆ ಹೋಗುತ್ತವೆ. ಮಾದರಿಯನ್ನು ರಾಟೆಗೆ ಹಗ್ಗ ಕಟ್ಟಿ ಮೇಲಕ್ಕೆಳೆದು ‘ಚಂದ್ರನ ತೂಕ’ದಲ್ಲಿ ಓಡಿಸುವವರಿದ್ದಾರೆ. ಆಗ ರೋವರ್ ಮಾತ್ರ ಹಗುರವಾಗುತ್ತದೆ, ಹೊಯಿಗೆ ಭೂಮಿಯದ್ದೇ ಉಳಿಯುತ್ತದೆ. ಫಲಿತಾಂಶ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಪೂರ್ತಿ ತೂಕದಲ್ಲೇ ಓಡಿಸಿದರೆ ನಿಜಕ್ಕೆ ಹತ್ತಿರ.

ಮಲ್ಪೆಯ ಹೊಯಿಗೆಯಲ್ಲಿ ಕಾರು ಹೂತರೆ ಟಯರಿನ ಗಾಳಿ ಇಳಿಸುತ್ತಾರಲ್ಲ, ನೆಲ ಮುಟ್ಟುವ ಜಾಗ ಅಗಲವಾಗಲಿ ಎಂದು. ಚಂದ್ರನ ಚಕ್ರಕ್ಕೂ ಬೇಕಾದದ್ದು ಅದೇ ಅಗಲ. ಆದರೆ ಆ ಬಿಸಿ, ಚಳಿ, ನಿರ್ವಾತಕ್ಕೆ ಗಾಳಿ ತುಂಬಿದ ರಬ್ಬರ್ ಒಗ್ಗದು. ಅಮೆರಿಕದ ಅಪೊಲೊ ಯಾತ್ರಿಗಳು ಚಂದ್ರನಲ್ಲಿ ಓಡಿಸಿದ ಗಾಡಿಗೆ ಸತು ಲೇಪಿಸಿದ ಉಕ್ಕಿನ ತಂತಿಯ ಬಲೆಯಿಂದ ಚಕ್ರ ಹೆಣೆದದ್ದು ಇದಕ್ಕೇ.

ಮಾದರಿಗೆ 15 ಸೆಂ.ಮೀ. ವ್ಯಾಸದ, 7–8 ಸೆಂ.ಮೀ. ಅಗಲದ ಆರು ಚಕ್ರ ಇರಲಿ. ಸುತ್ತಲೂ 5–8 ಮಿ.ಮೀ. ಎತ್ತರದ ಅಲ್ಯೂಮಿನಿಯಂ ಪಟ್ಟಿ ಅಡ್ಡಡ್ಡ ಕೂರಿಸಿ. ಯಾವಾಗಲೂ ಕನಿಷ್ಠ ಎರಡು ಪಟ್ಟಿ ಹುಡಿಯೊಳಗಿರಬೇಕು. 3 ಕಿಲೋ ಮಾದರಿ 20 ಡಿಗ್ರಿ ಏರಲು ಸುಮಾರು 10 ನ್ಯೂಟನ್ ಬೇಕು. ಚಕ್ರದ ತ್ರಿಜ್ಯದಿಂದ ಗುಣಿಸಿದರೆ ಟಾರ್ಕ್ (ಚಕ್ರವನ್ನು ತಿರುಗಿಸುವ ಬಲ) 0.75 ನ್ಯೂಟನ್-ಮೀಟರ್. ಮೂರೇ ಚಕ್ರಕ್ಕೆ ಹಿಡಿತ ಸಿಕ್ಕಿತು ಎಂದುಕೊಳ್ಳಿ, ತಲಾ 0.25. ಹುಡಿಯ ತಡೆಗೂ ಸೇರಿಸಿ ಇಮ್ಮಡಿ ಮಾಡಿದರೆ 0.5, ಅಂದರೆ ಸುಮಾರು 5 ಕೆ.ಜಿ.-ಸೆಂ.ಮೀ.ಯ ಗೇರ್ ಮೋಟರ್. ನಿಮಿಷಕ್ಕೆ 10 ಸುತ್ತು ಧಾರಾಳ ಸಾಕು. ಆರೂ ಮೋಟರ್‌ಗಳ ವೇಗ ಒಂದೇ ಇರದಿದ್ದರೆ ಒಂದು ಚಕ್ರ ಇನ್ನೊಂದನ್ನು ಎಳೆದಾಡಿ ಗುಂಡಿ ತೋಡುತ್ತದೆ.

ಪರೀಕ್ಷೆಗೆ ಪಣಂಬೂರಿನ ಹೊಯಿಗೆ ಬೇಡ. ಅಲೆಗಳು ಅದರ ಕಣಗಳ ಅಂಚು ಸವೆಸಿವೆ. ಚಂದ್ರನಲ್ಲಿ ನೀರಿನ ಹರಿವಾಗಲಿ ಗಾಳಿಯಾಗಲಿ ಇಲ್ಲ, ಉಲ್ಕೆಗಳು ಒಡೆದ ಕಣಗಳು ಇನ್ನೂ ಚೂಪಾಗಿಯೇ ಇವೆ. ಜಲ್ಲಿ ಕ್ರಷರಿನ ಒಣ ಹುಡಿ ಕಡಲತೀರದ ಹೊಯಿಗೆಗಿಂತ ವಾಸಿ. ಜರಡಿ ಹಿಡಿದು 20 ಸೆಂ.ಮೀ. ಆಳಕ್ಕೆ ತುಂಬಿಸಿ. ಶ್ವಾಸಕೋಶಕ್ಕೆ ಕೆಟ್ಟದ್ದು, ಮಾಸ್ಕ್ ಕಡ್ಡಾಯ. ಇಸ್ರೋ ತನ್ನ ಪರೀಕ್ಷೆಗೆ ತಮಿಳುನಾಡಿನ ಸಿತ್ತಂಪೂಂಡಿಯ ಅನಾರ್ಥೊಸೈಟ್ ಕಲ್ಲನ್ನೇ ಪುಡಿ ಮಾಡಿಸಿತು, ಚಂದ್ರನ ಎತ್ತರದ ಪ್ರದೇಶಗಳ ಕಲ್ಲಿಗೆ ಅದು ಹೋಲುವುದರಿಂದ. ಚಂದ್ರಯಾನವನ್ನು ಸಿದ್ಧಪಡಿಸಿದ ಬೆಂಗಳೂರಿನ ಕೇಂದ್ರಕ್ಕಿರುವುದು ಉಡುಪಿ ಜಿಲ್ಲೆಯ ಅದಮಾರಿನಲ್ಲಿ ಹುಟ್ಟಿದ, 1975ರ ಆರ್ಯಭಟ ಉಪಗ್ರಹದ ಹೊಣೆ ಹೊತ್ತ ಯು.ಆರ್. ರಾವ್ ಅವರ ಹೆಸರು. ನಮ್ಮ ಮಕ್ಕಳಿಗೆ ಇದು ಗೊತ್ತಿರಬೇಕು.

ಇನ್ನು ಜಾರುವಿಕೆ ಅಳೆಯುವುದು. 15 ಸೆಂ.ಮೀ. ಚಕ್ರ ಒಂದು ಸುತ್ತಿಗೆ 47 ಸೆಂ.ಮೀ. ಸಾಗಬೇಕು. ಚಕ್ರಕ್ಕೆ ಗುರುತು ಹಾಕಿ ಹತ್ತು ಸುತ್ತು ಎಣಿಸಿ, ಟೇಪಿನಲ್ಲಿ ದೂರ ಅಳೆಯಿರಿ. 4.7 ಮೀಟರ್ ಬದಲು 3.3 ಬಂದರೆ ಜಾರುವಿಕೆ ಶೇ. 30. ಇದು ಏರುತ್ತಾ ಹೋದರೆ ಮೋಟರಿನ ವೇಗ ಹೆಚ್ಚಿಸಬೇಡಿ. ಚಕ್ರ ತಾನು ತೋಡಿದ ಗುಂಡಿಗೇ ಇಳಿಯುತ್ತದೆ. ನಿಲ್ಲಿಸಿ ಹಿಂದಕ್ಕೆ ತನ್ನಿ.

ಹೀಗೆ ಜಾರುವ ನೆಲದಲ್ಲಿ ಚಕ್ರದ ಸುತ್ತು ಎಣಿಸಿದರೆ ರೋವರ್ ಎಲ್ಲಿದೆ ಎಂದು ತಿಳಿಯದು. ಪ್ರಜ್ಞಾನ್‌ನ ಜೋಡಿ ಕ್ಯಾಮೆರಾಗಳ ಚಿತ್ರದಿಂದ ಭೂಮಿಯಲ್ಲಿ ನೆಲದ ಏರುತಗ್ಗಿನ ನಕ್ಷೆ ಮಾಡಿ, ಒಂದು ಸಲಕ್ಕೆ ಹೆಚ್ಚೆಂದರೆ 5 ಮೀಟರ್ ಸಾಗಲು ಆಜ್ಞೆ ಕೊಡುತ್ತಿದ್ದರು. ವೇಗ ಸೆಕೆಂಡಿಗೆ 1 ಸೆಂ.ಮೀ. 2023ರ ಆಗಸ್ಟ್ 27ರಂದು 3 ಮೀಟರ್ ಮುಂದೆ 4 ಮೀಟರ್ ಅಗಲದ ಕುಳಿ ಕಂಡಾಗ ಅದನ್ನು ತಿರುಗಿಸಿ ಬೇರೆ ದಾರಿಗೆ ಬಿಡಲು ಸಮಯ ಸಿಕ್ಕಿದ್ದು ಇದರಿಂದಲೇ.