ಒಂದೇ ನೊಗ, ಎರಡು ಎಳೆತ: ಸೀರಿಯಂ ಸಂಯುಕ್ತಗಳ ಒಳಜಗಳ

ಸೀರಿಯಂ, ಪಲ್ಲೇಡಿಯಂ, ಸಿಲಿಕಾನ್ ಮೂರನ್ನೂ 1:2:2ರ ಲೆಕ್ಕದಲ್ಲಿ ಕರಗಿಸಿದರೆ ಸಿಗುವ ಬೂದುಬಣ್ಣದ, ಅಂಗಿ ಗುಂಡಿಯಂಥ ಲೋಹದ ಗುಂಡಿ ನೋಡಲು ಏನೂ ಅಲ್ಲ. ಅದರೊಳಗೆ ಪ್ರತಿ ಸೀರಿಯಂ ಅಯಾನಿನಲ್ಲೂ ಒಂಟಿ 4ಎಫ್ (ಪರಮಾಣುವಿನ ಒಂದು ಒಳಪದರದ) ಎಲೆಕ್ಟ್ರಾನ್ ಇದೆ, ಅದರಿಂದ 2.54 ಬೋರ್ ಮ್ಯಾಗ್ನೆಟಾನ್‌ನಷ್ಟು ಕಾಂತೀಯ ಮೊಮೆಂಟ್ (ಪುಟ್ಟ ಅಯಸ್ಕಾಂತದ ಗುಣ; ಬೋರ್ ಮ್ಯಾಗ್ನೆಟಾನ್ ಅದನ್ನಳೆಯುವ ಮಾನ) ಹುಟ್ಟುತ್ತದೆ. ಸುತ್ತ ಹರಿದಾಡುವ ವಾಹಕ ಎಲೆಕ್ಟ್ರಾನುಗಳು ಈ ಮೊಮೆಂಟಿನ ಸುದ್ದಿಯನ್ನು ಪಕ್ಕದ ಅಯಾನಿಗೆ ಮುಟ್ಟಿಸಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಬಹುದು, ಇದು ನಾಲ್ವರು ಭೌತವಿಜ್ಞಾನಿಗಳ ಹೆಸರಿನ ಮೊದಲಕ್ಷರಗಳಿಂದ ಬಂದ ಆರ್‌ಕೆಕೆವೈ. ಇಲ್ಲವೇ ಮೊಮೆಂಟನ್ನೇ ಸುತ್ತುಗಟ್ಟಿ ಅಡಗಿಸಬಹುದು, ಇದು ಭೌತವಿಜ್ಞಾನಿಯೊಬ್ಬರ ಹೆಸರು ಹೊತ್ತ ಕಾಂಡೊ.

ಎತ್ತು ಏರಿಗೆ, ಕೋಣ ನೀರಿಗೆ ಎಂಬ ಗಾದೆ ಇಲ್ಲಿ ಅರ್ಧ ಮಾತ್ರ ಒಪ್ಪುತ್ತದೆ. ಎರಡಕ್ಕೂ ನೊಗ ಒಂದೇ: 4ಎಫ್ ಎಲೆಕ್ಟ್ರಾನಿಗೂ ವಾಹಕ ಎಲೆಕ್ಟ್ರಾನಿಗೂ ಇರುವ ಜೋಡಣೆ, ಅಂದರೆ ಜೆ. ಆರ್‌ಕೆಕೆವೈ ಬಲ ಜೆಯ ವರ್ಗಕ್ಕೆ (ಜೆ × ಜೆ) ತಕ್ಕಂತೆ ಬೆಳೆಯುತ್ತದೆ. ಕಾಂಡೊ ಬಲ ಮೊದಲು ತೆವಳಿ, ಆಮೇಲೆ ಘಾತೀಯವಾಗಿ ನೆಗೆಯುತ್ತದೆ. ಹಾಗಾಗಿ ಜೆ ಸಣ್ಣದಿದ್ದಾಗ ಕಾಂತಕ್ರಮ ಗೆಲ್ಲುತ್ತದೆ, ದೊಡ್ಡದಾದಾಗ ಸೋಲುತ್ತದೆ. 1977ರಲ್ಲಿ ಭೌತವಿಜ್ಞಾನಿ ಡೋನಿಯಾಕ್ ಬರೆದ ಚಿತ್ರದ ಸಾರ ಇದು. ನಮ್ಮ 1:2:2 ಸುಮಾರು 10 ಕೆಲ್ವಿನ್‌ನಲ್ಲಿ ಆಂಟಿಫೆರೋಮ್ಯಾಗ್ನೆಟ್ ಆಗುತ್ತದೆ, ಅಂದರೆ ಮೊಮೆಂಟುಗಳು ಒಂದಕ್ಕೊಂದು ವಿರುದ್ಧ ದಿಕ್ಕಿಗೆ ಸಾಲುಗಟ್ಟುತ್ತವೆ. ಒತ್ತಡ ಹಾಕಿದರೆ ಜೆ ಹೆಚ್ಚುತ್ತದೆ. ಹತ್ತಿರ ಹತ್ತಿರ 28 ಕಿಲೋಬಾರ್ ಒತ್ತಿದರೆ ಆ ಕ್ರಮ ಅಳಿದು, 0.4 ಕೆಲ್ವಿನ್ ಆಸುಪಾಸಿನಲ್ಲಿ ಅತಿವಾಹಕತೆ ಕಾಣಿಸುತ್ತದೆ. ಸೀರಿಯಂನ ಬಳಗದ ಇಟರ್ಬಿಯಂನಲ್ಲಿ ಇದೇ ಕಥೆ ತಿರುವುಮುರುವು: ಅಲ್ಲಿ ಮೊಮೆಂಟ್ ಇರುವ ಅಯಾನೇ ಚಿಕ್ಕದು, ಆದ್ದರಿಂದ ಒತ್ತಿದಷ್ಟೂ ಕಾಂತತೆ ಹೆಚ್ಚುತ್ತದೆ.

ಇನ್ನು ಗುಂಡಿ ಮಾಡುವ ಕೆಲಸ. ಹುಬ್ಬಳ್ಳಿಯಲ್ಲಿ ಟಿಗ್ ವೆಲ್ಡಿಂಗ್ ನೋಡಿದವರಿಗೆ ಆರ್ಕ್ ಫರ್ನೇಸ್ ಹೊಸದಲ್ಲ: ಅದೇ ಟಂಗ್‌ಸ್ಟನ್ ಕಡ್ಡಿ, ಅದೇ ಆರ್ಗಾನ್. ಆದರೆ ವೆಲ್ಡಿಂಗ್ ಸಿಲಿಂಡರಿನ ಅನಿಲ ಸಾಲದು, ಶೇ. 99.999 ಶುದ್ಧವಾದದ್ದು ಬೇಕು. ಮೇಲಾಗಿ ಪ್ರತಿ ಸಲ ಮೊದಲು ಟೈಟೇನಿಯಂ ತುಂಡು ಕರಗಿಸಿ ಉಳಿದ ಆಮ್ಲಜನಕವನ್ನು ಅದಕ್ಕೆ ಕುಡಿಸಬೇಕು. 1 ಗ್ರಾಂ ಗುಂಡಿಗೆ ಸೀರಿಯಂ 0.3425, ಪಲ್ಲೇಡಿಯಂ 0.5202, ಸಿಲಿಕಾನ್ 0.1373 ಗ್ರಾಂ. ಸೀರಿಯಂ ಅನ್ನು ಕರಾರುವಾಕ್ಕಾಗಿ ಈ ತೂಕಕ್ಕೇ ತರಲು ಹೆಣಗಬೇಡಿ. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಧಾರವಾಡದ ಗಾಳಿ ತಾಗಿದರೆ ಉಜ್ಜಿದ ತುಂಡು ನೋಡನೋಡುತ್ತ ಮಂಕಾಗುತ್ತದೆ. ಅರದಿಂದ ಉಜ್ಜಿ, ತಟ್ಟನೆ ತೂಗಿ, ಬಂದ ಅಂಕಿಗೆ ತಕ್ಕಂತೆ ಉಳಿದೆರಡನ್ನು ಲೆಕ್ಕಹಾಕಿ. (ಅರ ತಾಗಿದಾಗ ಕಿಡಿ ಹಾರುತ್ತದೆ, ಲೈಟರ್ ಕಲ್ಲಿನಲ್ಲೂ ಸೀರಿಯಂ ಇದೆ. ಅಸಿಟೋನ್ ಬಾಟಲಿ ದೂರ ಇರಲಿ.) ಸಿಲಿಕಾನ್ ಚೂರು ಆರ್ಕ್ ತಗುಲಿದೊಡನೆ ಸಿಡಿದು ಹಾರುವುದರಿಂದ ಅದನ್ನು ಲೋಹದ ಅಡಿಯಲ್ಲಿಡಬೇಕು. ಮಗುಚಿ ಮಗುಚಿ ನಾಲ್ಕೈದು ಸಲ ಕರಗಿಸಿ, ತೂಕ ಶೇ. 0.5ಕ್ಕಿಂತ ಹೆಚ್ಚು ಇಳಿದಿದ್ದರೆ ಆ ಗುಂಡಿಯನ್ನು ನಂಬಬೇಡಿ. ಇಟರ್ಬಿಯಂಗೆ ಈ ದಾರಿಯೇ ಬೇಡ. ಅದು 1196 ಡಿಗ್ರಿ ಸೆಲ್ಸಿಯಸ್‌ಗೇ ಕುದಿದು ಆವಿಯಾಗುತ್ತದೆ, ಬಾಯಿ ಬೆಸೆದ ಟ್ಯಾಂಟಲಂ ಕೊಳವೆ ಬೇಕು.

ಅಳತೆಯಲ್ಲಿ ಹೆಚ್ಚಿನವರು ಎಡವುವುದು ವೈಸ್ ತಾಪಮಾನದ (ತಾಪಮಾನಕ್ಕೆ ತಕ್ಕಂತೆ ಕಾಂತತೆ ಬದಲಾಗುವ ರೇಖೆಯಿಂದ ತೆಗೆಯುವ ಅಂಕಿ) ಹತ್ತಿರ. ಅದು ಋಣವಾಗಿ ಬಂದ ಕೂಡಲೇ ಕಾಂಡೊ ತಾಪಮಾನ (ಮೊಮೆಂಟ್ ಅಡಗತೊಡಗುವ ತಾಪಮಾನ) ಸಿಕ್ಕಿತು ಎಂದು ಬರೆದುಬಿಡುತ್ತಾರೆ. ಆ ಅಂಕಿಯಲ್ಲಿ ಆರ್‌ಕೆಕೆವೈ ಪಾಲೂ ಇದೆ, ಸ್ಫಟಿಕ ಕ್ಷೇತ್ರದ (ಸುತ್ತಲಿನ ಅಯಾನುಗಳ ವಿದ್ಯುತ್ ಪ್ರಭಾವದ) ಪಾಲೂ ಇದೆ. ನನ್ನ ಮಟ್ಟಿಗೆ ಎಂಟ್ರೊಪಿ (ಅವ್ಯವಸ್ಥೆಯ ಅಳತೆ) ಹೆಚ್ಚು ಪ್ರಾಮಾಣಿಕ ಸಾಕ್ಷಿ. ಸೀರಿಯಂ ಬದಲು 4ಎಫ್ ಎಲೆಕ್ಟ್ರಾನ್ ಇಲ್ಲದ ಲ್ಯಾಂಥನಂ ಹಾಕಿದ ಜೋಡಿ ಮಾದರಿಯ ಉಷ್ಣಧಾರಕತೆ ಕಳೆದು, ಕ್ರಮ ಮೂಡುವ ತಾಪಮಾನದವರೆಗೆ ಎಂಟ್ರೊಪಿ ಕೂಡಿಸಿ. ಪೂರ್ತಿ ಮೊಮೆಂಟ್ ಇದ್ದರೆ ಮೋಲಿಗೆ 5.76 ಜೂಲ್ ಪ್ರತಿ ಕೆಲ್ವಿನ್ ಬರಬೇಕು. ಅದಕ್ಕಿಂತ ಗಣನೀಯವಾಗಿ ಕಡಿಮೆ ಬಂದರೆ, ಕಾಂಡೊ ಆಗಲೇ ಒಂದಷ್ಟು ತಿಂದಿದೆ ಎಂದು ಶಂಕಿಸಲು ಆಧಾರ ಸಿಕ್ಕಿತು. ರೋಧಕತೆಯಲ್ಲೂ ಇದೇ ವ್ಯವಕಲನ ಮಾಡಬೇಕು, ಆದರೆ ಗುಂಡಿಯಲ್ಲಿ ಕೂದಲೆಳೆ ಬಿರುಕು ಇದ್ದರೆ ಅಂಕಿಗಳೇ ಸುಳ್ಳಾಗುತ್ತವೆ. ವಕ್ರರೇಖೆಯ ಆಕಾರ ಮಾತ್ರ ನಂಬಲರ್ಹ.

ಇನ್ನೊಂದು ಮೋಸ ಆಕ್ಸೈಡಿನದು. ಯುರೋಪಿಯಂ ಮಾದರಿ 69 ಕೆಲ್ವಿನ್ ಹತ್ತಿರ ಕಾಂತವಾದರೆ ಅದು ಬಹುಶಃ ಯುರೋಪಿಯಂ ಮಾನಾಕ್ಸೈಡಿನ ಕೆಲಸ. ಇಟರ್ಬಿಯಂ ಮಾದರಿಯ ಉಷ್ಣಧಾರಕತೆಯಲ್ಲಿ 2.3 ಕೆಲ್ವಿನ್‌ನ ಉಬ್ಬು ಅದರ ಆಕ್ಸೈಡಿನದು. ಎಕ್ಸ್‌ರೇಯಲ್ಲಿ ಶುದ್ಧವೆಂದು ಬಂದಿತ್ತಲ್ಲ ಅನ್ನಬೇಡಿ; ಶೇ. 1ರಷ್ಟಿರುವ ಕಲಬೆರಕೆ ಎಕ್ಸ್‌ರೇ ಕಣ್ಣಿಗೆ ಸಾಮಾನ್ಯವಾಗಿ ಬೀಳುವುದಿಲ್ಲ, ಮ್ಯಾಗ್ನೆಟೋಮೀಟರಿಗೆ ಬೀಳುತ್ತದೆ.