ಹಳೇ ಪಿಕ್‌ಗಾರ್ಡ್ ಬಿಟ್ಟುಹೋದ ಗುರುತು

"ಅಣ್ಣ, ಇದಕ್ಕೆ ಒಂದು ತೊಟ್ಟು ಫೆವಿಕ್ವಿಕ್ ಹಾಕಿ ಒತ್ತಿಬಿಟ್ಟರೆ ಆಗಲ್ವಾ?"

ನನ್ನ ಗಿಟಾರ್ ರಿಪೇರಿ ಅಂಗಡಿಗೆ ಬಂದಿದ್ದ ಎಂಜಿನಿಯರಿಂಗ್ ಓದುವ ಹುಡುಗ. ಕೈಯಲ್ಲಿದ್ದದ್ದು ಸೋದರಮಾವನ ಗಿಟಾರ್, ಎಷ್ಟೋ ವರ್ಷ ಅಟ್ಟದ ಮೇಲೆ ಬಿದ್ದಿತ್ತಂತೆ. ನಡುವಿನ ದುಂಡು ತೂತಿನ, ಅಂದರೆ ಸೌಂಡ್‌ಹೋಲ್‌ನ ಪಕ್ಕದಲ್ಲಿ, ತಂತಿ ಮೀಟುವ ಪಿಕ್ ತಾಗಿ ಮರ ಗೀರದಿರಲಿ ಅಂತ ಅಂಟಿಸಿದ ಕಂದು ಪ್ಲಾಸ್ಟಿಕ್, ಅದೇ ಪಿಕ್‌ಗಾರ್ಡ್, ಒಂದು ಮೂಲೆಯಲ್ಲಿ ಸುಟ್ಟ ಹಪ್ಪಳದ ಹಾಗೆ ಸುರುಳಿಕೊಂಡು ಮೇಲೆದ್ದಿತ್ತು. ನಾನು ಅದರ ಮೇಲೆ ಹೆಬ್ಬೆರಳು ಇಟ್ಟು ಚೆನ್ನಾಗಿ ಉಜ್ಜಿ, ಬೆರಳನ್ನು ಹುಡುಗನ ಮೂಗಿನ ಹತ್ತಿರ ಹಿಡಿದೆ.

"ಏನು ವಾಸನೆ ಬರ್ತಿದೆ ಹೇಳು."

"ಅಯ್ಯೋ, ದೇವರಮನೆ ವಾಸನೆ!"

ಸರಿಯಾಗಿ ಹೇಳಿದ. ಅದು ಕರ್ಪೂರ. ಹಳೆ ಗಿಟಾರ್‌ಗಳ ಪಿಕ್‌ಗಾರ್ಡ್ ಬಹುತೇಕ ಸೆಲ್ಯುಲಾಯ್ಡ್ ಅನ್ನುವ ಹಳೆ ಕಾಲದ ಪ್ಲಾಸ್ಟಿಕ್. ಅದು ಮುರಿಯದೆ ಬಾಗಲಿ ಅಂತ ತಯಾರಿಸುವಾಗಲೇ ಕರ್ಪೂರ ಬೆರೆಸಿರುತ್ತಾರೆ. ಡಬ್ಬಿ ಮುಚ್ಚದೆ ಬಿಟ್ಟ ಕರ್ಪೂರ ಏನಾಗುತ್ತದೆ ಅಂತ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಇಲ್ಲೂ ಅಷ್ಟೇ. ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ಆರಿಹೋಗುತ್ತದೆ, ಪ್ಲಾಸ್ಟಿಕ್ ಕುಗ್ಗುತ್ತದೆ, ಅಂಚು ಮೇಲೇಳುತ್ತದೆ. ಟೇಬಲ್ ಟೆನಿಸ್ ಚೆಂಡನ್ನೂ 2014ರ ಸುಮಾರಿನವರೆಗೆ ಇದೇ ಸೆಲ್ಯುಲಾಯ್ಡ್‌ನಲ್ಲಿ ಮಾಡುತ್ತಿದ್ದರು. ಬೆಂಕಿ ತಾಕಿದರೆ ಭಗ್ಗನೆ ಹತ್ತಿಕೊಳ್ಳುವ ಸಾಮಾನು.

ಕುಗ್ಗುವ ವಸ್ತುವನ್ನು ಒತ್ತಿ ಅಂಟಿಸಿದರೆ ಅದು ಕುಗ್ಗುವುದನ್ನು ನಿಲ್ಲಿಸುವುದಿಲ್ಲ, ತನ್ನ ಜೊತೆ ಮರವನ್ನೂ ಎಳೆಯುತ್ತದೆ. ಅಮೆರಿಕದ ಮಾರ್ಟಿನ್ ಕಂಪನಿಯ ಹಳೆ ಗಿಟಾರ್‌ಗಳಲ್ಲಿ ಇದನ್ನು ಚೆನ್ನಾಗಿ ನೋಡಬಹುದು. ಅವರು 1980ರ ದಶಕದ ನಡುವಿನವರೆಗೂ ಪಿಕ್‌ಗಾರ್ಡನ್ನು ಪಾಲಿಶ್ ಇಲ್ಲದ ಬರೀ ಮರಕ್ಕೆ ಅಂಟಿಸಿ, ಆಮೇಲೆ ಎಲ್ಲದರ ಮೇಲೂ ಲ್ಯಾಕರ್ ಅನ್ನುವ ಹೊಳಪಿನ ಪಾಲಿಶ್ ಹೊಡೆಯುತ್ತಿದ್ದರು. ಹತ್ತಾರು ವರ್ಷ ಕಳೆದ ಮೇಲೆ ಪ್ಲಾಸ್ಟಿಕ್ ಕುಗ್ಗಿ, ಅದರ ಅಂಚಿನುದ್ದಕ್ಕೂ, ತಂತಿಗಳ ಕೆಳತುದಿ ಹಿಡಿದಿಡುವ ಬ್ರಿಡ್ಜ್‌ನಿಂದ ಸೌಂಡ್‌ಹೋಲ್ ಕಡೆಗೆ ಮರ ಸೀಳುತ್ತಿತ್ತು. ರಿಪೇರಿ ಮಾಡುವವರು ಅದನ್ನು 'ಪಿಕ್‌ಗಾರ್ಡ್ ಕ್ರ್ಯಾಕ್' ಅಂತಲೇ ಕರೆಯುತ್ತಾರೆ. ಹಾಗಾಗಿ ಎದ್ದ ಮೂಲೆಗೆ ಸೂಪರ್ ಗ್ಲೂ ಹಾಕಿದಿರಿ ಅಂದರೆ ಬಿರುಕಿಗೆ ನೀವೇ ವೀಳ್ಯ ಕೊಟ್ಟ ಹಾಗೆ. ಲ್ಯಾಕರ್ ಕೆಡುವುದು ಬೇರೆ.

ಹಾಗಾದರೆ ಪಿಕ್‌ಗಾರ್ಡೇ ಬೇಡ, ತೆಗೆದುಹಾಕಿ ಅನ್ನುವವರೂ ಇದ್ದಾರೆ. ಬೆರಳಲ್ಲಿ ಮೀಟುವವರಿಗೆ ನಿಜಕ್ಕೂ ಬೇಡ. ಆದರೆ ಗಿಟಾರ್‌ನ ಟಾಪ್, ಅಂದರೆ ಮುಂಭಾಗದ ಹಲಗೆ, ಸಾಮಾನ್ಯವಾಗಿ ಸ್ಪ್ರೂಸ್ ಅಥವಾ ಸೀಡರ್, ಉಗುರಲ್ಲಿ ಒತ್ತಿದರೂ ಗುಳಿ ಬೀಳುವ ಮೆತ್ತನೆ ಮರ. ದಪ್ಪ ಸುಮಾರು 3 ಮಿಲಿಮೀಟರ್, ಅಷ್ಟೇ. ಅಮೆರಿಕದ ಗಾಯಕ ವಿಲ್ಲಿ ನೆಲ್ಸನ್ 1969ರಿಂದ ನುಡಿಸುತ್ತಿರುವ 'ಟ್ರಿಗರ್' ಗಿಟಾರ್‌ನ ಫೋಟೋ ಒಮ್ಮೆ ನೋಡಿ. ಅದು ನೈಲಾನ್ ತಂತಿಯ ಮಾರ್ಟಿನ್ ಎನ್-20, ಪಿಕ್‌ಗಾರ್ಡ್ ಇಲ್ಲದ ಜಾತಿ. ಅವರು ಪಿಕ್ ಹಿಡಿದೇ ನುಡಿಸಿದರು. ಸೌಂಡ್‌ಹೋಲ್ ಪಕ್ಕದಲ್ಲಿ ಮರ ಸವೆದು ಇನ್ನೊಂದು ತೂತೇ ಆಗಿದೆ. ಅವರ ಕೈಯಲ್ಲಿ ಅದೂ ಚೆನ್ನ. ನಮ್ಮ ಹುಡುಗ ಕಾಲೇಜ್ ಫೆಸ್ಟ್‌ನಲ್ಲಿ ಜೋರಾಗಿ ಸ್ಟ್ರಮ್ ಮಾಡುವವನು, ಅವನಿಗೆ ಪಿಕ್‌ಗಾರ್ಡ್ ಬೇಕೇ ಬೇಕು.

ಮೊದಲು ಹಳೇದನ್ನು ಬಿಡಿಸಬೇಕು. ಹೇರ್ ಡ್ರೈಯರನ್ನು ಸಣ್ಣ ಬಿಸಿಯಲ್ಲಿಟ್ಟು, ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಾ ಇರಬೇಕು. ಕೈ ಇಟ್ಟರೆ ಬಿಸಿ ಅನ್ನಿಸಬೇಕು, ಕೈ ತೆಗೆಯುವಷ್ಟು ಸುಡಬಾರದು. ಈಗಿನ ಗಿಟಾರ್‌ಗಳಲ್ಲಿ ಅಂಟು ಮೆತ್ತಗಾದ ಮೇಲೆ ಹಲ್ಲಿನ ಸಂದಿಗೆ ಹಾಕುವ ಫ್ಲಾಸ್ ದಾರವನ್ನು ಕೆಳಗೆ ತೂರಿಸಿ, ಗರಗಸ ಎಳೆದ ಹಾಗೆ ಹಿಂದೆ ಮುಂದೆ ಎಳೆದರೆ ಸಾಕು. ಉಳಿದ ಅಂಟನ್ನು ಲೈಟರ್‌ಗೆ ತುಂಬುವ ನಾಫ್ತಾದಲ್ಲಿ ಒರೆಸಿದರೆ ಹೋಗುತ್ತದೆ. ಥಿನ್ನರ್, ಅಸಿಟೋನ್ ಕೈಗೂ ತಗೋಬೇಡಿ, ಲ್ಯಾಕರನ್ನೇ ಕರಗಿಸಿಬಿಡುತ್ತವೆ.

ಈ ಹುಡುಗನ ಗಿಟಾರ್ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಎದ್ದ ಮೂಲೆಯ ಕೆಳಗೆ ಟಾರ್ಚ್ ಬಿಟ್ಟು ನೋಡಿದೆ. ಹೊಳಪೇ ಇಲ್ಲ, ಬರೀ ಮರ. ಅಂಥ ಕಡೆ ದಾರ ನಡೆಯಲ್ಲ, ಮರದ ಎಳೆಗಳೇ ಕಿತ್ತು ಬರುತ್ತವೆ. ತೆಳುವಾದ, ಅಂಚು ಮೊಂಡಾದ ಸ್ಟೀಲ್ ಪಟ್ಟಿಯನ್ನು ಸ್ವಲ್ಪ ಬಿಸಿ ಮಾಡಿ, ಎಳೆಗಳ ದಿಕ್ಕಿನಲ್ಲೇ ಒಂದೊಂದು ಇಂಚು ಒಳಗೆ ಬಿಟ್ಟೆ. ಇಡೀ ಮಧ್ಯಾಹ್ನ ಅದರಲ್ಲೇ ಕಳೆಯಿತು. ಪುಣ್ಯಕ್ಕೆ ಬಿರುಕು ಬಿಟ್ಟಿರಲಿಲ್ಲ. ಬಿಟ್ಟಿದ್ದರೆ ಮೊದಲು ಅದನ್ನು ಅಂಟಿಸಿ, ಒಳಗಿನಿಂದ ಸಣ್ಣ ಮರದ ತುಂಡುಗಳನ್ನು ಅಡ್ಡ ಕೊಡಬೇಕಿತ್ತು.

ಪಿಕ್‌ಗಾರ್ಡ್ ಕೈಗೆ ಬಂದಾಗ ಹುಡುಗನ ಮುಖ ಸಪ್ಪಗಾಯಿತು. ಸುತ್ತಲಿನ ಮರ ಜೇನಿನ ಬಣ್ಣ, ಅದರ ನಡುವೆ ಪಿಕ್‌ಗಾರ್ಡ್ ಆಕಾರದ ಬಿಳಿಚು ಗುರುತು. ಗೋಡೆಯಿಂದ ಹಳೆ ಕ್ಯಾಲೆಂಡರ್ ತೆಗೆದಾಗ ಕಾಣುತ್ತದಲ್ಲ, ಹಾಗೆ. ಬೆಳಕು ಬಿದ್ದು ಬಿದ್ದು ಸ್ಪ್ರೂಸ್, ಲ್ಯಾಕರ್ ಎರಡೂ ಹಳದಿಗೆ ತಿರುಗುತ್ತವೆ, ಮುಚ್ಚಿದ ಜಾಗ ಹಾಗೇ ಉಳಿಯುತ್ತದೆ. "ಇದನ್ನ ಅಳಿಸೋಕೆ ಆಗಲ್ವಾ?" ಅಂದ. ಆಗಲ್ಲ. ಅಳಿಸುವ ಅಗತ್ಯವೂ ಇಲ್ಲ. ನನಗೆ ಬೇಕಾದ ಅಳತೆ ಅದೇ.

ರೆಡಿಮೇಡ್ ಪಿಕ್‌ಗಾರ್ಡ್ ತಂದು ಹಾಕಿಸಿಕೊಂಡವರು ಸೋಲುವುದು ಇಲ್ಲೇ. ಹೊಸದು ಎಷ್ಟೇ ಚಂದ ಇರಲಿ, ಹಳೇ ಗುರುತಿಗಿಂತ 2 ಮಿಲಿಮೀಟರ್ ಚಿಕ್ಕದಾದರೂ ಸಾಕು, ಆ ಬಿಳಿ ಗೆರೆ ಪಂಚೆ ಕೆಳಗೆ ಇಣುಕುವ ಚಡ್ಡಿ ಥರ ಕಾಣುತ್ತದೆ. ಹಾಗಾಗಿ ಗುರುತಿಗಿಂತ ಒಂದು ಕೂದಲೆಳೆ ದೊಡ್ಡದಾಗಿಯೇ ಕತ್ತರಿಸಬೇಕು. ನಾನು ಬಟರ್ ಪೇಪರ್ ಬಿಟ್ಟು ಗಟ್ಟಿ ಪಾರದರ್ಶಕ ಹಾಳೆ ಬಳಸುತ್ತೇನೆ. ಅದನ್ನು ಟಾಪ್ ಮೇಲೆ ಮಲಗಿಸಿ ಗುರುತಿನ ಅಂಚು, ಸೌಂಡ್‌ಹೋಲ್ ಸುತ್ತಲಿನ ಅಲಂಕಾರದ ಬಳೆ, ಅಂದರೆ ರೋಸೆಟ್‌ನ ಕಮಾನು, ಬ್ರಿಡ್ಜ್‌ನ ಮೂಲೆ ಮೂರನ್ನೂ ತೆಳು ಮಾರ್ಕರ್‌ನಲ್ಲಿ ಎಳೆಯುತ್ತೇನೆ. ಬ್ರಿಡ್ಜ್‌ಗೆ ಎಲ್ಲೂ ತಾಗಬಾರದು. ರೋಸೆಟ್‌ನ ಕಮಾನಿಗೆ ಮಾತ್ರ ಸರಿಯಾಗಿ ಕೂರಬೇಕು. ನೋಡುವವರ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ.

ಎಳೆದ ಕೂಡಲೇ ಹಾಳೆಯ ಮೇಲೆ 'ಮೇಲ್ಭಾಗ' ಅಂತ ಬರೆಯಿರಿ. ಪಾರದರ್ಶಕ ಹಾಳೆ ಎರಡೂ ಕಡೆಯಿಂದ ಒಂದೇ ಥರ ಕಾಣುತ್ತದೆ. ಕೆಲಸ ಶುರು ಮಾಡಿದ ಹೊಸತರಲ್ಲಿ ನಾನು ಹಾಳೆಯನ್ನು ತಿರುವಿಹಾಕಿ, ಎರಡು ದಿನ ಕೂತು, ಅಂಚು ಕೆತ್ತಿ, ಕನ್ನಡಿ ಥರ ಪಾಲಿಶ್ ಮಾಡಿ, ಕೊನೆಗೆ ಗಿಟಾರ್ ಮೇಲಿಟ್ಟಾಗ ಗೊತ್ತಾಯಿತು, ನಾನು ಮಾಡಿದ್ದು ಎಡಗೈಯವರ ಪಿಕ್‌ಗಾರ್ಡ್ ಅಂತ. ಹಿಂದೆ ಮುಂದೆ ಒಂದೇ ಬಣ್ಣದ ಶೀಟ್ ಆಗಿದ್ದರೆ ತಿರುಗಿಸಿ ಹಾಕಬಹುದಿತ್ತು. ಅದು ಒಂದೇ ಕಡೆ ಚಿತ್ತಾರ ಇದ್ದ ಶೀಟ್. ಈಗಲೂ ಅಂಗಡಿಯ ಗೋಡೆ ಮೇಲೆ ನೇತಾಡುತ್ತಿದೆ, ಎಡಗೈ ಗಿರಾಕಿಗೆ ಕಾಯುತ್ತಾ.

ಯಾವ ಪ್ಲಾಸ್ಟಿಕ್ ಅನ್ನುವುದಕ್ಕೆ ಜನ ಕೊಡುವಷ್ಟು ಮಹತ್ವ ನಾನು ಕೊಡಲ್ಲ. ತೆಳ್ಳಗಿದ್ದರೆ ಆಯಿತು. ಅರ್ಧದಿಂದ ಒಂದು ಮಿಲಿಮೀಟರ್ ಸಾಕು. ದಪ್ಪನೆ ಅಕ್ರಿಲಿಕ್ ಹಾಕಿದರೆ ಪಿಕ್ ತಾಗಿದಾಗಲೆಲ್ಲ ಟಕ್ ಟಕ್ ಅನ್ನುತ್ತದೆ, ಟಾಪ್ ಮೇಲೆ ಸುಮ್ನೆ ಭಾರ ಬೇರೆ. ಪಿವಿಸಿ ಕೆಲಸಕ್ಕೆ ಸಲೀಸು, ಕತ್ತರಿಗೂ ಬಗ್ಗುತ್ತದೆ. 'ಟಾರ್ಟಾಯ್ಸ್' ಅನ್ನುವ ಆಮೆಚಿಪ್ಪಿನ ವಿನ್ಯಾಸ ಕೇಳುವವರೇ ಜಾಸ್ತಿ. ಈಗ ಅದು ಹೆಸರಿಗಷ್ಟೇ ಆಮೆ. ನಿಜವಾದ ಚಿಪ್ಪು ಹಾಕ್ಸ್‌ಬಿಲ್ ಕಡಲಾಮೆಯದ್ದು, ಅದರ ವ್ಯಾಪಾರ ಅಪರಾಧ.

ಲೇಸರ್‌ನಲ್ಲಿ ಕತ್ತರಿಸಿಕೊಳ್ಳೋಣ ಅಂತ ಹೊರಟವರಿಗೆ ಒಂದು ಮಾತು. ಅಕ್ರಿಲಿಕ್ ಆದರೆ ಧಾರಾಳವಾಗಿ ಕೊಡಿ. ಪಿವಿಸಿ ಕೊಡಬೇಡಿ, ಅದು ಸುಟ್ಟರೆ ಆಮ್ಲದ ಹೊಗೆ ಬರುತ್ತದೆ, ಯಂತ್ರಕ್ಕೂ ಶ್ವಾಸಕೋಶಕ್ಕೂ ಕೆಡುಕು. ಸೆಲ್ಯುಲಾಯ್ಡ್ ಕೊಟ್ಟರೆ ಏನಾಗುತ್ತದೆ ಅಂತ ಮೇಲೆ ಹೇಳಿದ್ದೇನೆ.

ಈ ಗಿಟಾರ್‌ಗೆ ಮುಕ್ಕಾಲು ಮಿಲಿಮೀಟರ್‌ನ ಪಿವಿಸಿ ತೆಗೆದುಕೊಂಡೆ. ಗೆರೆಯಿಂದ ಸ್ವಲ್ಪ ಹೊರಗೇ ಕತ್ತರಿಸಿ, ಅರದಲ್ಲಿ ಗೆರೆಯವರೆಗೆ ತಂದೆ. ಆಮೇಲೆ ಅಂಚನ್ನು 45 ಡಿಗ್ರಿಗೆ ಓರೆ ಮಾಡಬೇಕು. ಬ್ಲೇಡನ್ನು ಓರೆಯಾಗಿ ಹಿಡಿದು, ಕೊಯ್ಯದೆ, ಬರೀ ಕೆರೆಯುತ್ತಾ ಹೋದರೆ ತೆಂಗಿನತುರಿ ಹಾಗೆ ಸಣ್ಣ ಸುರುಳಿಗಳು ಉದುರುತ್ತವೆ. ಅಂಗಡಿ ಮಾಲಿಗೂ ಕೈಕೆಲಸಕ್ಕೂ ಇರುವ ವ್ಯತ್ಯಾಸ ಈ ಅಂಚಿನಲ್ಲಿದೆ. ಓರೆ ಇಲ್ಲದಿದ್ದರೆ ಅಂಗಿಯ ತೋಳು ಸಿಕ್ಕಿ ಸಿಕ್ಕಿ ಮೂಲೆ ಮತ್ತೆ ಏಳುತ್ತದೆ. 400, 800, 1200, 2000 ನಂಬರ್ ಉಪ್ಪುಕಾಗದವನ್ನು ನೀರಲ್ಲಿ ಅದ್ದಿಕೊಂಡು ಒಂದಾದ ಮೇಲೊಂದು ಉಜ್ಜಿ, ಕೊನೆಗೆ ಕಾರಿಗೆ ಹಾಕುವ ಪಾಲಿಶ್. ನಡುವೆ ಒಂದು ನಂಬರ್ ಹಾರಿಸಿದರೆ ಹಿಂದಿನ ಗೀರು ಬಿಸಿಲಿಗೆ ಹಿಡಿದಾಗ ಕಂಡೇ ಕಾಣುತ್ತದೆ.

ಅಂಟಿಗೆ ತ್ರೀಎಂ ಕಂಪನಿಯ 468 ನಂಬರಿನ ತೆಳು ಅಂಟುಹಾಳೆ ಬಳಸುತ್ತೇನೆ, ದಪ್ಪ 0.13 ಮಿಲಿಮೀಟರ್. ಮುಂದೆ ಯಾವತ್ತಾದರೂ ಪಿಕ್‌ಗಾರ್ಡ್ ಕುಗ್ಗಿದರೆ ಈ ಅಂಟೇ ಸ್ವಲ್ಪ ಜಾರಿಕೊಡುತ್ತದೆ, ಮರವನ್ನು ಹಿಡಿದು ಎಳೆಯುವುದಿಲ್ಲ. ಆದರೆ ಬರೀ ಮರದ ಮೇಲೆ ಅದನ್ನು ಹಾಕಬಾರದು. ಹಾಗಾಗಿ ಬಿಳಿ ಗುರುತಿನ ಮೇಲೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗನ್ನು ನಾಲ್ಕೈದು ಸಲ ತೆಳ್ಳಗೆ ಸವರಿ ಒಣಗಲು ಬಿಟ್ಟೆ. ಚನ್ನಪಟ್ಟಣದ ಬೊಂಬೆಗೆ ಹೊಳಪು ಕೊಡುವುದೂ ಅರಗೇ.

ಸಾಮಾನ್ಯ ಗಿಟಾರ್ ಆಗಿದ್ದರೆ ಕೂರಿಸುವಾಗ ಸೋಪಿನ ನೀರು ಚಿಮುಕಿಸುತ್ತೇನೆ. ಕಾರಿನ ಗಾಜಿಗೆ ಫಿಲ್ಮ್ ಹಾಕುವವರನ್ನು ನೋಡಿರುತ್ತೀರಿ, ಅದೇ ಉಪಾಯ. ನೀರಿನ ಮೇಲೆ ಪಿಕ್‌ಗಾರ್ಡ್ ತೇಲುತ್ತದೆ, ಸರಿಯಾದ ಜಾಗಕ್ಕೆ ಜರುಗಿಸಿ, ಹಳೆ ಎಟಿಎಂ ಕಾರ್ಡಿನಲ್ಲಿ ನೀರು, ಗುಳ್ಳೆ ಎಲ್ಲಾ ಹೊರಗೆ ತಳ್ಳಬಹುದು. ಇಲ್ಲಿ ಕೆಳಗಿರುವುದು ಹೊಸ ಅರಗು, ನೀರು ಬೇಡ ಅನ್ನಿಸಿತು. ಒಂದು ಪಕ್ಕಕ್ಕೆ ಮಾಸ್ಕಿಂಗ್ ಟೇಪ್ ಹಚ್ಚಿ, ಬಾಗಿಲಿನ ಕೀಲಿನ ಹಾಗೆ ಮಾಡಿಕೊಂಡು, ತೆರೆದು, ಅಂಟಿನ ಮೇಲಿನ ಕಾಗದ ಅರ್ಧ ಸುಲಿದು, ನಿಧಾನಕ್ಕೆ ಮುಚ್ಚಿದೆ. ಇದರಲ್ಲಿ ಒಂದೇ ಅವಕಾಶ. ಆ ಅರ್ಧ ನಿಮಿಷ ಅಂಗಡಿಯಲ್ಲಿ ಯಾರೂ ಮಾತಾಡುವ ಹಾಗಿಲ್ಲ.

ಗುರುತು ಪೂರ್ತಿ ಮುಚ್ಚಿತು. ಹುಡುಗ ಅಂಚಿನ ಮೇಲೆ ಎರಡು ಸಲ ಬೆರಳಾಡಿಸಿ ನೋಡಿದ. ಹೊರಡುವಾಗ, "ಅಣ್ಣ, ಹಳೇದನ್ನೂ ಕೊಡಿ, ಮಾವನಿಗೆ ತೋರಿಸ್ತೀನಿ" ಅಂದ. ಪೇಪರಿನಲ್ಲಿ ಸುತ್ತಿ ಕೊಟ್ಟೆ. ಅವನು ಅದನ್ನು ಗಿಟಾರ್ ಕೇಸಿನ ಒಳಗೇ ಇಡಲು ಹೋದ. ತಡೆದೆ. ಹಳೆ ಸೆಲ್ಯುಲಾಯ್ಡ್ ಕೊಳೆಯುವಾಗ ಆಮ್ಲದ ಆವಿ ಬಿಡುತ್ತದೆ, ಮುಚ್ಚಿದ ಕೇಸಿನಲ್ಲಿ ತಂತಿ, ಬಿರಡೆ ಎಲ್ಲಾ ಕಿಲುಬು ಹಿಡಿಯುತ್ತವೆ.

"ಮತ್ತೆ ಎಲ್ಲಿಡಲಿ?"

"ಜೇಬಲ್ಲಿಟ್ಕೋ. ಮನೆಗೆ ಹೋದ ಮೇಲೆ ಗಾಳಿಯಾಡೋ ಕಡೆ ಇಡು. ದೇವರ ದೀಪದ ಹತ್ತಿರ ಮಾತ್ರ ಬೇಡ."